ಸಣ ಫರ್ಮಿನದ ರಜಾ

ಜತ್ತದಿಂದ ಬಿಳೂರಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಜತ್ತದಿಂದ ಸ್ಪೇನಕ್ಕೆ ಎಷ್ಟು ತಾಸು ಎಂಬುದು ನನಗೂ ಗೊತ್ತಿಲ್ಲ, ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರನಿಗೂ ಗೊತ್ತಿಲ್ಲ. ಕೇಳಿ ಬೈಸಿಕೊಂಡಿದ್ದೇನೆ. ಆದರೆ ೧೯೯೨ರ ಜುಲೈ ತಿಂಗಳಲ್ಲಿ ನಮ್ಮ ಕಚೇರಿಯ ಶಿಪಾಯಿ ಕಾಸೀಂಸಾಬ ಬಿಳೂರಿಗೆಂದು ಹೊರಟವನು ಸ್ಪೇನದಲ್ಲಿ ಸಿಕ್ಕಿಕೊಂಡ. ಅದೂ ಜತ್ತ ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ. ಈ ಪವಾಡ ಮಾಡಿದವನು ನಾನು, ಗುರುಲಿಂಗಪ್ಪ, ಅದೇ ಕಚೇರಿಯ ಟಪಾಲು ಕಾರಕೂನ. ಪವಾಡ ಮಾಡಿದವರಿಗೆ ಜನ ಗುಡಿ ಕಟ್ಟುತ್ತಾರಂತೆ. ನಾನು ಮಾತ್ರ ಇವತ್ತಿಗೂ ಆ ದಿನದ ಮಾತು ಬಂದರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತೇನೆ.

ಕಚೇರಿಯ ಹೆಸರು ಬೇಡ. ಇಷ್ಟು ತಿಳಿದರೆ ಸಾಕು: ಅಲ್ಲಿ ನಾಲ್ಕು ಟೇಬಲ್ಲು, ಎರಡು ಫ್ಯಾನು, ಒಂದು ಜೀಪು ಇದ್ದವು. ಜೀಪಿಗೆ ಸಾತಪ್ಪನೆಂಬ ಡ್ರೈವರ ಇದ್ದ. ಜೀಪು ಓಡುವುದು ಕಡಿಮೆ, ಸಾತಪ್ಪನ ಬಾಯಿ ಓಡುವುದು ಜಾಸ್ತಿ.

ಕಾಸೀಂಸಾಬ ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ದಿನ ರಜೆ ತೆಗೆದವನಲ್ಲ. ಅವನಿಗೆ ರಜೆ ಅಂದರೆ ಬಡವರ ಮನೆಯ ತುಪ್ಪದ ಗಿಂಡಿ. ಇದೆ ಎಂಬುದೇ ಸಂತೋಷ, ತೆಗೆದು ಬಡಿಸಲು ಕೈ ಬಾರದು. ಅವನ ಹೆಂಡತಿ ಶಮಶಾದ ಬಿಳೂರಿನವಳು. ಅವಳ ತಂದೆ ಲಾಡ್ಲೇಸಾಬ ನಲವತ್ತು ವರ್ಷ ಬಿಳೂರಿನ ಮೊಹರಮ್ಮಿನಲ್ಲಿ ಅಲಾಯಿ ದೇವರು ಹಿಡಿದವನು. ದೇವರು ಅಂದರೆ ಪಂಜಾ, ಕೋಲಿನ ತುದಿಗೆ ಕೂರಿಸಿದ ಲೋಹದ ಹಸ್ತ. ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿ, ಮೊಹರಮ್ಮಿಗೆ ಎದ್ದು, ರೇಷ್ಮೆ ಬಟ್ಟೆ ಸುತ್ತಿಕೊಂಡು ಊರು ಸುತ್ತುವಂಥದು. ಮುದುಕನಿಗೆ ಗಂಡುಮಕ್ಕಳಿಲ್ಲ. ಮೊಣಕಾಲು ಹೋಗಿದ್ದವು. ಆ ವರ್ಷ ಖಡಾಖಂಡಿತ ಹೇಳಿ ಕಳಿಸಿದ್ದ: "ಈ ಸಲ ಅಳಿಯ ಬಂದು ದೇವರ ಹಿಡೀಬೇಕು. ನನ್ನ ಕೈಲೆ ಅಂವನ ಕೈಗೆ ಕೊಡಬೇಕು. ಮುಂದಿನ ಸಲಕ್ಕ ನಾ ಇರತೀನೋ ಇಲ್ಲೋ."

ಮೊದಲ ಸಲ ದೇವರು ಹಿಡಿಯುವವನು ಐದನೆಯ ದಿನದಿಂದ ಅಲ್ಲಿಯ ಮಸೂತಿಯಲ್ಲಿ ಇರಬೇಕು. ತೀರ ಅಡಚಣೆಯಾದರೆ ಒಂಬತ್ತನೆಯ ದಿನ ಹೊತ್ತು ಮುಳುಗುವುದರೊಳಗೆ ಬಂದು ಕೈಯೊಡ್ಡಿದರೂ ನಡೆದೀತು. ಹೊತ್ತು ಮುಳುಗಿದ ಮೇಲೆ ಕೈ ಬದಲಾಗುವಂತಿಲ್ಲ.

ಕಾಸೀಂಸಾಬ ಒಪ್ಪಿದ. ಇಪ್ಪತ್ತು ವರ್ಷಗಳ ಮೇಲೆ ತುಪ್ಪದ ಗಿಂಡಿಗೆ ಕೈ ಹಾಕಲು ಹೊರಟ. ಆದರೆ ಅವನ ಗ್ರಹಚಾರಕ್ಕೆ ಅದೇ ಜೂನಿನಲ್ಲಿ ಪುಣೆಯಿಂದ ಹೊಸ ಸಾಹೇಬರು ಬಂದರು, ಬಂದವರೇ ಒಂದು ಆದೇಶ ಹೊರಡಿಸಿದರು: ಮಳೆಗಾಲ ಮುಗಿಯುವವರೆಗೆ ಕಚೇರಿಯಲ್ಲಿ ಪೂರ ನಿಯಂತ್ರಣ ಕಕ್ಷ ನಡೆಯತಕ್ಕದ್ದು, ಆದ್ದರಿಂದ ಯಾರಿಗೂ ರಜೆ ಇಲ್ಲ. ಕಕ್ಷ ಅಂದರೆ ಕೋಣೆ, ಪೂರ ಅಂದರೆ ಹೊಳೆಯ ಮಹಾಪೂರ. ಜತ್ತದಲ್ಲಿ! ನಮ್ಮಲ್ಲಿ ಪೂರ ಬರುವುದು ನೀರಿನ ಟ್ಯಾಂಕರಿನ ನಳ ಮುರಿದಾಗ ಮಾತ್ರ. ಆದರೂ ಒಂದು ಫೋನು, ಒಂದು ಕಂದೀಲು, ಹತ್ತು ಮಾರು ಹಗ್ಗ ಇಟ್ಟುಕೊಂಡು ನಾವು ಪೂರದ ಹಾದಿ ಕಾಯತೊಡಗಿದೆವು.

ಆದೇಶದಲ್ಲಿ ಒಂದೇ ಒಂದು ಕಿಂಡಿ ಇತ್ತು. ಸಣದ ಸಲುವಾಗಿ ರಜೆ ಸಿಗುವುದು. ನಾವು ಆಡುವುದು ಕನ್ನಡವಾದರೂ ಕಚೇರಿಯ ಕಾಗದವೆಲ್ಲ ಮರಾಠಿ; ಮರಾಠಿಯಲ್ಲಿ ಸಣ ಎಂದರೆ ಹಬ್ಬ. ಸಣ ಎಷ್ಟು ದಿನವೋ ರಜೆ ಅಷ್ಟು ದಿನ. ಅರ್ಜಿಯಲ್ಲಿ ಸಣದ ಹೆಸರು ಬರೆಯಬೇಕು. ಸರಕಾರಿ ಯಾದಿಯಲ್ಲಿ ಮೊಹರಂ ಎಂದರೆ ಒಂದೇ ದಿನ. ಕಾಸೀಂಸಾಬನಿಗೆ ಬೇಕಾದದ್ದು ಆರು ದಿನ.

"ಅಣ್ಣಾರ, ಏನರ ಹಾದಿ ಹುಡಕ್ರಿ," ಎಂದ ಕಾಸೀಂಸಾಬ. ಮರಾಠಿಯಲ್ಲಿ ಅರ್ಜಿ ಬರೆಯುವವನು ನಾನೇ. ಇಡೀ ಕಚೇರಿಯಲ್ಲಿ ನಾನೇ ದೊಡ್ಡ ಓದಿದವನು ಎಂದು ಅವನ ನಂಬಿಕೆ, ನನ್ನ ನಂಬಿಕೆಯೂ ಅದೇ.

ಹಾದಿ ಭಜಿಯ ರೂಪದಲ್ಲಿ ಬಂತು. ಒಂದು ಮಧ್ಯಾಹ್ನ ಕಾಸೀಂಸಾಬ ಎಲ್ಲರಿಗೂ ಭಜಿ ತಂದ. ನನ್ನ ಪಾಲಿನ ಭಜಿ ಕಟ್ಟಿದ್ದು ಒಂದು ಮರಾಠಿ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ. ಆ ವರ್ಷ ಸ್ಪೇನದಲ್ಲಿ ಒಲಿಂಪಿಕ್ಸ್ ಇತ್ತಲ್ಲ, ಪೇಪರಿನವರಿಗೆಲ್ಲ ಸ್ಪೇನದ ಹುಚ್ಚು. 'ಜೀವನದಲ್ಲಿ ಒಮ್ಮೆಯಾದರೂ ಹೋಗಿ ನೋಡಲೇಬೇಕಾದ ಸ್ಪೇನದ ಸಣಗಳು' ಎಂದು ಇಡೀ ಪುಟ. ಭಜಿ ತಿನ್ನುತ್ತ ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಕಾಸೀಂಸಾಬ ಸ್ಟೂಲಿನ ಮೇಲೆ ಕುಳಿತು ಕೇಳುತ್ತ ಹೋದ.

"ಒಂದೂರಾಗ ಟೊಮೆಟೊ ತಗೊಂಡು ಒಬ್ಬರಿಗೊಬ್ಬರು ಹೊಡೀತಾರಂತ."

"ಮಾರ್ಕೆಟ್ಟಿಗೆ ಹೋಗಿ ರೇಟ ಸಿಗದಿದ್ರ ನಮ್ಮ ಮಂದೀನೂ ಹೊಡೀತಾರ್ರಿ, ದಲಾಲಗ."

"ಹೊಸ ವರ್ಷದಾಗ ಗಂಟಿ ಹನ್ನೆರಡ ಸಲ ಬಾರಿಸೂದರಾಗ ಹನ್ನೆರಡ ದ್ರಾಕ್ಷಿ ತಿಂತಾರಂತ."

"ಹನ್ನೆರಡನ? ಡಫಳಾಪುರದಾಗ ನನ್ನ ತಂಗಿ ಮನ್ಯಾಗ ಗೊಂಚಲಗಟ್ಟಲೆ ತಿಂತಾರ. ಬಡ ದೇಶ ಇದ್ದೀತು ಪಾಪ."

"ಇನ್ನೊಂದರಾಗ ಬೆಂಕಿ ಹಚ್ಚಿ ಅದರ ಮ್ಯಾಲಿಂದ ಜಿಗೀತಾರ."

ಕಾಸೀಂಸಾಬ ನೆಟ್ಟಗಾದ. "ನಮ್ಮ ಮಾವಾನೂ ಅಲಾಯಿ ಕುಣಿ ಕೆಂಡ ತುಳೀತಾನಲ್ರಿ! ಅಣ್ಣಾರ, ಇದು ಸ್ಪೇನಂತ ಯಾಕ ಬರದಾರ? ಬಿಳೂರಂತ ಬರೀಬೇಕಿತ್ತು."

ನಾನು ನನ್ನ ವಿದ್ಯೆಯ ಗಂಟು ಬಿಚ್ಚಿದೆ. "ಹಿಂದಕ ಸ್ಪೇನದಾಗ ಏಳೆಂಟ ನೂರ ವರ್ಷ ನಿಮ್ಮ ಮಂದೀದೇ ರಾಜ್ಯ ಇತ್ತೋ ಕಾಸೀಮಾ."

"ಹಂಗಾರ ಬೀಗರಾದ್ರು ಬಿಡ್ರಿ," ಎಂದ ಅವನು ಸಮಾಧಾನದಿಂದ.

ಆಗ ಕಾಣಿಸಿತು ಆ ಹೆಸರು. ಎಣ್ಣೆ ಹೀರಿದ ಕಾಗದದಲ್ಲಿ ಅಕ್ಷರದ ಮೇಲಿನ ಗುರುತುಗಳೆಲ್ಲ ಮುಳುಗಿ ಹೋಗಿದ್ದವು, ನ ಯಾವುದು ಣ ಯಾವುದು ತಿಳಿಯುವಂತಿರಲಿಲ್ಲ. ನಾನು ಓದಿದ್ದು: ಸಣ ಫರ್ಮಿನ. ಜುಲೈ ಆರರಿಂದ ಹದಿನಾಲ್ಕು. ಬಿಳಿ ಬಟ್ಟೆ ಹಾಕಿ, ಕೊರಳಿಗೆ ಕೆಂಪು ವಸ್ತ್ರ ಕಟ್ಟಿ, ಹೋರಿಗಳ ಮುಂದೆ ಓಡುವ ಹಬ್ಬ. ಒಂಬತ್ತು ದಿನ! ಆ ವರ್ಷದ ಮೊಹರಂ ಬಂದದ್ದೂ ಅದೇ ವಾರದಲ್ಲಿ.

ಹತ್ತು ವರ್ಷದ ಮೇಲೆ ನನ್ನ ಮಗಳು ವಿಜಯಶ್ರೀ ಕಾಲೇಜಿಗೆ ಹೋಗುವಾಗ ಹೇಳಿದಳು: "ಅಪ್ಪಾ, ಅದು ಸಣ ಅಲ್ಲ, ಸ್ಯಾನ್. ಸಂತ ಅಂತ ಅರ್ಥ. ಫರ್ಮಿನ್ ಅನ್ನೋ ಸಂತನ ಹಬ್ಬ ಅದು." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಅಂದು ನನಗೆ ಅದು ಸಣವೇ. ಹೆಸರಿನಲ್ಲೇ ಸಣ ಇದೆ; ಇನ್ನು ಸಾಹೇಬರಿಗೆ ಏನು ಪುರಾವೆ ಬೇಕು?

"ಕಾಸೀಮಾ, ಅರ್ಜಿಯಾಗ ಸಣ ಫರ್ಮಿನ ಅಂತ ಬರೀತೀನಿ. ಆರ ದಿನ ಏನ, ಒಂಬತ್ತ ದಿನ ಸಿಗತೈತಿ."

"ಅದು ಸ್ಪೇನದ್ದಲ್ರಿ?"

"ಕಾಲಮ್ಮಿನ್ಯಾಗ ಸಣದ ಹೆಸರ ಕೇಳ್ಯಾರ. ಊರ ಕೇಳಿಲ್ಲ."

"ಸುಳ್ಳ ಆಗೂದಿಲ್ಲೇನ್ರಿ?"

"ಅವತ್ತ ಆ ಸಣ ಐತೋ ಇಲ್ಲೋ?"

"ಐತ್ರಿ."

"ನಿನಗ ರಜಾ ಬೇಕೋ ಬ್ಯಾಡೋ?"

"ಬೇಕ್ರಿ."

"ಮತ್ತ ಸುಳ್ಳ ಎಲ್ಲೈತಿ?" ಎಂದೆ. ವಕೀಲನಾಗಬೇಕಿತ್ತು ನಾನು. ಆಗಿದ್ದರೆ ಜತ್ತದ ಜೈಲು ತುಂಬಿರುತ್ತಿತ್ತು.

ಹೊಸ ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಈ ಕಡೆಯ ಜನರ ಹಬ್ಬಹರಿದಿನ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ತೋರಿಸಿಕೊಳ್ಳುವ ಮನಸ್ಸೂ ಇಲ್ಲ. ಇಲ್ಲವೆಂದರೆ ಯಾರದೋ ಭಾವನೆಗೆ ಧಕ್ಕೆಯಾದೀತೆಂಬ ಅಂಜಿಕೆ ಬೇರೆ. ಕಾಸೀಂಸಾಬನನ್ನು ಒಳಗೆ ಕರೆಸಿದರು. ಅವನ ಮರಾಠಿ ಅರ್ಧ ಹಾದಿಗೆ ಬಂದ ಕೂಡಲೇ ಕನ್ನಡವಾಗುತ್ತದೆಂದು ನಾನೂ ಜೊತೆಗೆ ಹೋದೆ.

"ಈ ಸಣದಲ್ಲಿ ನೀವು ಏನು ಮಾಡುತ್ತೀರಿ?"

"ನಾವೇನೂ ಮಾಡೂದಿಲ್ರಿ ಸಾಹೇಬ್ರ. ಹೋರಿ ಓಡತಾವ್ರಿ. ಹೋರಿ ಮುಂದ ಮಂದಿ ಓಡತಾರ್ರಿ."

"ಹೋರಿ ಯಾರವು?"

"ಅದು ಪೇಪರದಾಗ ಬಂದಿಲ್ರಿ."

"ನೀನೂ ಓಡಬೇಕೇನು?"

ಕಾಸೀಂಸಾಬ ತನ್ನ ಕಾಲು ನೋಡಿಕೊಂಡ. "ಮೊಣಕಾಲ ಚಲೋ ಅದಾವ್ರಿ. ಸಾಹೇಬ್ರ ಹುಕುಂ ಇದ್ರ ಓಡತೀನ್ರಿ."

ಸಾಹೇಬರು ಬಹಳ ಹೊತ್ತು ಫ್ಯಾನು ನೋಡಿದರು. ಕೊನೆಗೆ, ಅಧಿಕಾರಿಗಳು ತಿಳಿಯದ್ದು ಎದುರಾದಾಗ ಮಾಡುವುದನ್ನೇ ಮಾಡಿದರು: ಈ ಸಣ ಯಾದಿಯಲ್ಲಿ ಬರುತ್ತದೋ ಇಲ್ಲವೋ ಎಂದು ಸಾಂಗ್ಲಿಯ ಜಿಲ್ಲಾ ಕಚೇರಿಗೆ ಮಾರ್ಗದರ್ಶನ ಕೇಳಿ ಕಾಗದ ಬರೆಸಿದರು. ಪುರಾವೆ ಜೋಡಿಸಿರಿ ಎಂದರು. ನಾನು ಭಜಿಯ ಕಾಗದಕ್ಕೆ ಟಾಚಣಿ ಚುಚ್ಚಿ ಜೋಡಿಸಿದೆ. ಇಲ್ಲಿಯವರೆಗಿನ ನನ್ನ ತಪ್ಪುಗಳನ್ನು ದೇವರು ಮನ್ನಿಸಿದರೂ ಆ ಟಾಚಣಿಯನ್ನು ಮನ್ನಿಸಲಿಕ್ಕಿಲ್ಲ.

ಸಾಂಗ್ಲಿಯವರು ಅರ್ಜಿ ಓದಲಿಲ್ಲ, ಭಜಿಯ ಕಾಗದ ಓದಿದರು. 'ಹೋಗಿ ನೋಡಲೇಬೇಕಾದ ಸ್ಪೇನ.' ಮೊಹರಮ್ಮಿನ ನಾಲ್ಕನೆಯ ದಿನ ಫೋನು ಬಂತು. ಸಾಹೇಬರು ನಿಂತುಕೊಂಡೇ ಮಾತಾಡಿದರು, ಬೆವೆತರು, ಇಟ್ಟರು. ಸರಕಾರಿ ನೌಕರನೊಬ್ಬ ಅನುಮತಿ ಇಲ್ಲದೆ ಪರದೇಶಕ್ಕೆ ಹೊರಟಿರುವ ಸಂಶಯ ಬಂದಿದೆ. ಮುಂದಿನ ಆದೇಶ ಬರುವವರೆಗೆ ಅವನು ಮುಖ್ಯಾಲಯ, ಅಂದರೆ ಜತ್ತ, ಬಿಡಕೂಡದು.

ಬಾಗಿಲಲ್ಲಿ ಸಾತಪ್ಪ ನಿಂತಿದ್ದ. ಅವನ ಕಿವಿಗೆ ಬಿದ್ದದ್ದು ಮೂರೇ ಮಾತು: ಕಾಸೀಂಸಾಬ, ಸ್ಪೇನ, ಆದೇಶ. ಸಂಜೆಯೊಳಗೆ ಅವು ಮಂಗಳವಾರ ಪೇಟೆ ಮುಟ್ಟುವಾಗ ಮದುವೆಯ ದಿಬ್ಬಣದಷ್ಟು ಬೆಳೆದಿದ್ದವು. "ಸರಕಾರ ನಮ್ಮ ಕಾಸೀಂಸಾಬನ್ನ ಸ್ಪೇನಕ್ಕ ಕಳಸಾಕತ್ತೈತ್ರಪಾ. ಹೋರಿ ಮುಂದ ಓಡಾಕ. ಆದೇಶ ಬರೂಮಟಾ ಊರ ಬಿಟ್ಟ ಎಲ್ಲೂ ಹೋಗಬ್ಯಾಡ ಅಂದಾರಂತ, ಯಾವ ಗಳಿಗಿಗೆ ಕರೀತಾರೋ ಏನೋ!"

ಇಲ್ಲಿ ಒಂದು ಮಾತು ನಿಜ ಹೇಳಬೇಕು. ಕಾಸೀಂಸಾಬ ಅಲ್ಲಗಳೆದ. "ಹಂಗೇನಿಲ್ರಿ" ಎಂದು ಎಲ್ಲರಿಗೂ ಹೇಳಿದ. ಆದರೆ ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ಜನ ಅದನ್ನು ವಿನಯವೆಂದು ತಿಳಿದರು. ಇಪ್ಪತ್ತು ವರ್ಷ "ಏ ಕಾಸೀಮಾ, ಚಾ ತಾ" ಎಂದವರು "ಕಾಸೀಂಸಾಬ್ರ, ಬರ್ರಿ, ಕುಂದ್ರಿ, ಚಾ ಕುಡೀರಿ" ಎನ್ನತೊಡಗಿದರು. ಮೂರನೆಯ ಚಹದ ಹೊತ್ತಿಗೆ "ಹಂಗೇನಿಲ್ರಿ" ಎಂಬುದು "ನೋಡೂಣ್ರಿ" ಆಗಿತ್ತು.

ಡಫಳಾಪುರದಿಂದ ಅವನ ತಂಗಿ ಸುಲತಾನಾ ಗಂಟು ಹೊತ್ತುಕೊಂಡು ಬಂದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಚೀಟಿಯಲ್ಲಿ ಎಣಿಸಿ ಹನ್ನೆರಡು ಮಣೂಕ, ಅಂದರೆ ಒಣದ್ರಾಕ್ಷಿ.

"ಇದೇನವಾ, ಹನ್ನೆರಡ ಮಣೂಕ?"

"ಅಲ್ಲೆ ಹೊಸ ವರ್ಷಕ್ಕ ಹನ್ನೆರಡ ದ್ರಾಕ್ಷಿ ತಿನ್ನಬೇಕಂತಲ್ಲಣ್ಣಾ, ಸಾತಪ್ಪ ಹೇಳಿದ. ಅಲ್ಲೀವು ಹುಳಿ ಇರತಾವೋ ಏನೋ. ನಮ್ಮ ಹೊಲದ್ದ ಒಯ್ಯಿ. ಮತ್ತ ಟೊಮೆಟೊ ಒಗೀತಾರಂತ, ಹಳೇ ಅಂಗಿ ಹಾಕ್ಕೋ."

"ನಾ ಹೊಸ ವರ್ಷದಮಟಾ ಅಲ್ಲಿ ಇರಾವಲ್ಲ," ಎಂದ ಕಾಸೀಂಸಾಬ. ಕೇಳಿದಿರಾ? ಹೋಗುವುದಿಲ್ಲ ಎನ್ನಲಿಲ್ಲ.

ಐದು, ಆರು, ಏಳನೆಯ ದಿನ ಬಂತು. ಶಮಶಾದ ಕಚೇರಿಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬಟ್ಟೆಯ ಚೀಲ.

"ಏನ್ರಿ, ಅಬ್ಬಾ ಹಾದಿ ನೋಡಾಕತ್ತಾನ. ಹೋಗೂಣೇನು?"

"ಆದೇಶ ಐತಿ. ಜತ್ತ ಬಿಡಬಾರದಂತ," ಎಂದ ಅವನು ನೆಲ ನೋಡುತ್ತ.

ಅವಳು ನನ್ನ ಕಡೆ ತಿರುಗಿದಳು. "ಗುರುಲಿಂಗಪ್ಪಣ್ಣಾರ, ನೀವು ಓದಿದವರು. ನೀವರ ಹೇಳ್ರಿ. ಬಿಳೂರ ಸ್ಪೇನದಾಗ ಐತೇನ್ರಿ?"

ನಾನು ಓದಿದವನು. "ಸಾಂಗ್ಲಿಯಿಂದ ಕಾಗದ ಬರಲೆವ್ವ. ಬಂದ ಕೂಡಲೆ ನಾನ ಬಸ್ಸಿಗೆ ಹತ್ತಸತೀನಿ," ಎಂದೆ. ಅವಳು ಒಬ್ಬಳೇ ಬಸ್ಸು ಹತ್ತಿ ಹೋದಳು.

ಒಂಬತ್ತನೆಯ ದಿನ ತಿಂಗಳ ಎರಡನೆಯ ಶನಿವಾರ, ಕಚೇರಿಗೆ ಸೂಟಿ. ಆದರೆ ಪೂರಕ್ಕೆ ಸೂಟಿ ಇಲ್ಲವಲ್ಲ, ನಾನೂ ಕಾಸೀಂಸಾಬನೂ ನಿಯಂತ್ರಣ ಕಕ್ಷದಲ್ಲಿ ಫೋನು ಕಾಯುತ್ತಿದ್ದೆವು. ಹೊರಗೆ ಧೂಳು ಏಳುತ್ತಿತ್ತು. ಸಂಜೆ ಐದಕ್ಕೆ ಚೌಕದಲ್ಲಿ ಕಾಸೀಂಸಾಬನ ಸತ್ಕಾರವಿತ್ತು. ನಮ್ಮೂರಿನ ಮಿತ್ರ ಮಂಡಳದ ಅಧ್ಯಕ್ಷ ವಿಠೋಬನಿಗೆ ಸತ್ಕಾರ ಮಾಡುವ ಚಟ. ಹತ್ತನೆಯ ಇಯತ್ತೆ ಪಾಸಾದವರಿಗೆ, ಫೇಲಾಗಿ ಧೈರ್ಯ ಬಿಡದವರಿಗೆ, ಹಾವು ಕಡಿದು ಬದುಕಿದವರಿಗೆ ಎಲ್ಲರಿಗೂ ಶಾಲು ತೆಂಗಿನಕಾಯಿ ಕೊಟ್ಟವನು ಅವನು. ಸ್ಪೇನವನ್ನು ಬಿಟ್ಟಾನೆಯೇ? ಮುಖ್ಯ ಭಾಷಣ ನನ್ನದೆಂದು ಬೋರ್ಡಿನ ಮೇಲೆ ಬರೆಸಿಬಿಟ್ಟಿದ್ದ. ನನ್ನ ಜನ್ಮದಲ್ಲಿ ನನಗೆ ಮೈಕು ಸಿಕ್ಕದ್ದು ಅದೇ ಮೊದಲು.

ಮೂರು ಗಂಟೆಗೆ ಕಾಸೀಂಸಾಬ ಪೋಸ್ಟಿನಿಂದ ಟಪಾಲು ತಂದು ನನ್ನ ಮುಂದೆ ಇಟ್ಟ. ನಾನು ಭಾಷಣ ಬರೆಯುತ್ತಿದ್ದೆ. ಟಪಾಲಿನಲ್ಲಿ ಮೇಲೆಯೇ ಸಾಂಗ್ಲಿಯ ಸಿಕ್ಕಾ ಬಿದ್ದ ಪಾಕೀಟು ಇತ್ತು. ನೋಡಿದೆ. ದೇವರಾಣೆ, ನೋಡಿದೆ. ಈಗ ಒಡೆದರೆ ಒಳಗೆ ಏನಿರುತ್ತದೋ ಏನೋ, ಸ್ಪೇನವೆಂಬುದೇ ಸುಳ್ಳೆಂದು ಇದ್ದರೆ ಸತ್ಕಾರವೇ ನಿಂತೀತು, ಮುಗಿದ ಮೇಲೆ ಒಡೆದರಾಯಿತು ಎಂದುಕೊಂಡೆ. ಪಾಕೀಟನ್ನು ಹಗ್ಗದ ಸುರುಳಿಯ ಕೆಳಗೆ ಸರಿಸಿ, ಮುಂದಿನ ಸಾಲು ಬರೆದೆ. ಬಿಳೂರಿನ ಕೊನೆಯ ಬಸ್ಸು ಇದ್ದದ್ದು ಐದೂವರೆಗೆ.

ಸತ್ಕಾರ ಭಾರೀ ಆಯಿತು. ವಿಠೋಬ ಮೈಕು ಹಿಡಿದು ಗರ್ಜಿಸಿದ: "ನಮ್ಮ ಕಾಸೀಂಸಾಬ್ರು ಸ್ಪೇನದಾಗ ಹೋರಿ ಮುಂದ ಓಡವರದಾರ. ಕಾಸೀಂಸಾಬ್ರ, ಒಂದ ಮಾತ ಹೇಳತೀನಿ. ಹಿಂದ ತಿರುಗಿ ನೋಡಬ್ಯಾಡ್ರಿ! ಹೋರೀಗಿಂತ ಮದಲ ನಮ್ಮ ಜತ್ತ ಬರಬೇಕು!" ಚಪ್ಪಾಳೆ. ಶಾಲು ಹೊದಿಸಿದರು. ಕಂದು ಬಣ್ಣದ್ದು, ಜರಿ ಅಂಚಿನದು. ಕಾಸೀಂಸಾಬ ಕುರ್ಚಿಯ ತುದಿಗೆ ಕುಳಿತು ಶಾಲಿನ ಅಂಚು ಸವರುತ್ತಿದ್ದ. ಕುರ್ಚಿ ಒರೆಸಿದವನೇ ಹೊರತು ಅಂಥ ಕುರ್ಚಿಯಲ್ಲಿ ಕುಳಿತವನಲ್ಲ.

ನಾನು ಮುಕ್ಕಾಲು ತಾಸು ಮಾತಾಡಿದೆ. ಟೊಮೆಟೊ, ದ್ರಾಕ್ಷಿ, ಬೆಂಕಿ, ಹೋರಿ ಒಂದೂ ಬಿಡಲಿಲ್ಲ. ಮಾತಿನ ನಡುವೆ ಚೌಕದ ಆಚೆ ಬಿಳೂರಿನ ಬಸ್ಸು ಹಾರ್ನು ಹಾಕಿಕೊಂಡು ಹೋಯಿತು. ನಾನು ದನಿ ಇನ್ನಷ್ಟು ಏರಿಸಿದೆ.

ಮರುದಿನ ಮುಂಜಾನೆ ಪಾಕೀಟು ಒಡೆದೆ. ಎರಡೇ ಸಾಲು. ಸದರಿ ಶಿಪಾಯಿ ಪರದೇಶಕ್ಕೆ ಹೋಗುವವನಲ್ಲವೆಂದು ಖಾತ್ರಿಯಾಗಿದೆ. ಜಿಲ್ಲೆಯೊಳಗೆ ಎಲ್ಲಿ ಬೇಕಾದರೂ ಹೋಗಲು ಅಡ್ಡಿ ಇಲ್ಲ, ಕೇಳಿದಷ್ಟು ದಿನ ರಜೆ ಕೊಡುವುದು.

ಬಿಳೂರಿನಲ್ಲಿ ಆ ಸಂಜೆ ಏನಾಯಿತೆಂದು ಶಮಶಾದ ಬಂದು ನನ್ನ ಹೆಂಡತಿ ಶಿವಲಿಂಗವ್ವನಿಗೆ ಹೇಳಿದಳು, ಅವಳು ನನಗೆ ಹೇಳಿದಳು. ಲಾಡ್ಲೇಸಾಬ ಸ್ನಾನ ಮಾಡಿ, ಹಸಿರು ರುಮಾಲು ಸುತ್ತಿ, ಮಸೂತಿಯ ಕಟ್ಟೆಯ ಮೇಲೆ ದೇವರನ್ನು ಹಿಡಿದು ಬಸ್ಸಿನ ಹಾದಿ ನೋಡುತ್ತ ಕುಳಿತಿದ್ದನಂತೆ. ಕೊನೆಯ ಬಸ್ಸಿನಿಂದ ಇಳಿದದ್ದು ಜತ್ತದ ಸಂತೆಗೆ ಹೋಗಿದ್ದ ಬಿಳೂರಿನ ನಾಲ್ಕು ಜನ. "ನಿನ್ನ ಅಳಿಯಾಗ ಶಾಲ ಹೊಚ್ಚಾಕತ್ತಾರೋ ಮುದುಕಾ! ಸ್ಪೇನಕ್ಕ ಹೊಂಟಾನಂತ, ಹಬ್ಬಕ್ಕ ಕರದಾರಂತ!" ಮುದುಕ ಮಗಳ ಮುಖ ನೋಡಿದ. ಬರಲಿಲ್ಲ ಎನ್ನುವುದಕ್ಕಿಂತ ಹೋದ ಎನ್ನುವುದು ಮರ್ಯಾದೆಯೆಂದು ಅವಳು ಹೂಂ ಎಂದಳು.

ಮುದುಕ ನಕ್ಕನಂತೆ. "ಅಷ್ಟ ದೂರದಿಂದ ಕರದಾರಂದ್ರ ಹೋಗಬೇಕಲ್ಲ ಮತ್ತ." ಹೊತ್ತು ಮುಳುಗುತ್ತಿತ್ತು. ಪಕ್ಕದಲ್ಲಿ ಹಲಿಗೆ ಬಾರಿಸುತ್ತಿದ್ದ ಕುರುಬರ ಅಮೋಗಸಿದ್ದನನ್ನು ಕರೆದ. ಅವನು ಮುದುಕನ ಎಳೆತನದ ಗೆಳೆಯ. "ಅಮೋಗಸಿದ್ದಾ, ಅಳಿಯ ಸ್ಪೇನದಿಂದ ಬರೂಮಟಾ ನೀ ಹಿಡಿಯಪಾ," ಎಂದು ದೇವರನ್ನು ಅವನ ಕೈಗೆ ಕೊಟ್ಟ.

"ಊರಿಗೆ ಭಾಷಣ ಮಾಡಾಕ ಹೋಗಿದ್ರಿ. ಒಬ್ಬ ಮುದುಕನ ಕೈ ಖಾಲಿ ಮಾಡಿದ್ರಿ," ಎಂದಳು ಶಿವಲಿಂಗವ್ವ. ಪಾಕೀಟಿನ ವಿಷಯ ಅವಳಿಗೂ ನಾನು ಹೇಳಲಿಲ್ಲ.

ದೀಪಾವಳಿಯ ಮುಂದೆ ಲಾಡ್ಲೇಸಾಬ ತೀರಿಕೊಂಡ. ಮಣ್ಣಿಗೆ ನಾನೂ ಕಾಸೀಂಸಾಬನೂ ಹೋದೆವು. ಮೂರು ಹಿಡಿ ಮಣ್ಣು ಹಾಕಿ ಕೈ ಝಾಡಿಸುತ್ತಿದ್ದಾಗ ಅಮೋಗಸಿದ್ದ ಹತ್ತಿರ ಬಂದು, ಇದ್ದ ದುಃಖದಲ್ಲೇ ಪ್ರೀತಿಯಿಂದ ಕೇಳಿದ: "ಸ್ಪೇನದಿಂದ ಯಾವಾಗ ಬಂದಿ ಅಳಿಯಾ?"

ಸುತ್ತ ಇಡೀ ಊರು ನಿಂತಿತ್ತು. ಕಾಸೀಂಸಾಬನ ಬಾಯಿಂದ ಒಂದೇ ಮಾತು ಬಂತು. "ನಿನ್ನೆ."

"ಬಂದಿಯಲ್ಲ, ಅಷ್ಟ ಸಾಕು. ದೇವರ ಪೆಟಗಿ ನಿನ್ನ ಮನಿಗೆ ಒಯ್ಯಿ."

"ಇನ್ನ ಮುಂದಿನ ವರ್ಷ ನೋಡೂಣು ಮಾವಾ," ಎಂದು ಕಾಸೀಂಸಾಬ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಹಾದಿಯಲ್ಲಿ ನನಗೆ ಹೇಳಿದ: "ಗೋರಿ ಮುಂದ ಸುಳ್ಳ ಹೇಳಿದ ಬಾಯಿ ಅಣ್ಣಾರ. ಈ ಬಾಯಿ ಇಟಗೊಂಡ ದೇವರ ಹೆಂಗ ಹಿಡೀಲಿ?"

ಮುಂದಿನ ವರ್ಷ, ಅದರ ಮುಂದಿನ ವರ್ಷ, ಅವನು ಹೋಗಲಿಲ್ಲ. ಹಿಡಿಯಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ, ಮುದುಕ ಹಾದಿ ನೋಡುತ್ತಿದ್ದ ಸಂಜೆ ತಾನು ಒಂದು ತಾಸಿನ ಹಾದಿಯಲ್ಲಿ ಶಾಲು ಹೊದ್ದು ಕುಳಿತಿದ್ದೆ ಎಂದು ಹೇಳಬೇಕು. ಶಮಶಾದ ಪ್ರತಿವರ್ಷ ಒಬ್ಬಳೇ ಹೋಗಿ ಬಂದಳು. ಅವನನ್ನು ಒಂದು ಮಾತೂ ಕೇಳಲಿಲ್ಲ. ಜತ್ತದಲ್ಲಂತೂ ಅವನಿಗೆ 'ಸ್ಪೇನ ಕಾಸೀಂಸಾಬ' ಎಂಬ ಹೆಸರೇ ಉಳಿಯಿತು. ಮೊದಮೊದಲು ಗೌರವಕ್ಕೆ, ಆಮೇಲೆ ಚೇಷ್ಟೆಗೆ, ಕೊನೆಗೆ ಯಾಕೆಂದು ಯಾರಿಗೂ ನೆನಪಿಲ್ಲದೆ.

ಅವನು ನಿವೃತ್ತನಾದ ಮೇಲೆ, ೨೦೦೮ರ ಜನವರಿಯಲ್ಲಿ, ಮೊಹರಮ್ಮಿನ ಒಂಬತ್ತನೆಯ ದಿನ ಮುಂಜಾನೆ ಮನೆಗೆ ಬಂದ. ಬಗಲಲ್ಲಿ ಒಂದು ಕಾಗದದ ಪೊಟ್ಟಣ. "ಅಣ್ಣಾರ, ಬಿಳೂರಿಗೆ ಹೋಗೂಣು ಬರ್ರಿ. ಇನ್ನ ಯಾವ ಆದೇಶಾನೂ ಇಲ್ಲ."

ಬಸ್ಸಿನಲ್ಲಿ ಶಮಶಾದ ಮುಂದೆ ಹೆಂಗಸರ ಜೊತೆ ಕುಳಿತಳು. ನಾವಿಬ್ಬರು ಹಿಂದೆ. ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹದಿನಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು.

"ಕಾಸೀಮಾ, ಆವತ್ತ ಸಾಂಗ್ಲಿ ಪಾಕೀಟ ಸತ್ಕಾರಕ್ಕಿಂತ ಮದಲ ಬಂದಿತ್ತು. ನಾ ನೋಡಿದ್ದೆ. ಒಡೀಲಿಲ್ಲ."

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಗೊತ್ತೈತ್ರಿ."

"ಹೆಂಗ ಗೊತ್ತ?"

"ಪೋಸ್ಟಿನಿಂದ ತಂದಾವ ನಾನಲ್ಲೇನ್ರಿ? ಇಪ್ಪತ್ತ ವರ್ಷ ಟಪಾಲ ಹೊತ್ತಾವಗ ಸಾಂಗ್ಲಿ ಸಿಕ್ಕಾ ಗೊತ್ತಾಗೂದಿಲ್ಲೇನ್ರಿ? ಬೇಕಂತನ ಎಲ್ಲಾದರ ಮ್ಯಾಲ ಇಟ್ಟಿದ್ದೆ. ಒಡೀರಿ ಅನ್ನಾಕ ಬಾಯೀನೂ ತೆಗದೆ." ಬಗಲಿನ ಪೊಟ್ಟಣ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನೀವು ಭಾಷಣ ಬರೀತಿದ್ರಿ. ಬಗ್ಗಿ ನೋಡಿದೆ. 'ಕಾಸೀಂಸಾಬರವರು' ಅಂತ ಬರದಿದ್ರಿ. ನನ್ನ ಹೆಸರಿನ ಹಿಂದ 'ಅವರು' ಅಂತ ಅದ ಮದಲನೇ ಸಲ ನೋಡಿದ್ನಿರಿ. ಶಾಲ ಹೊಚಗೊಂಡ ಮ್ಯಾಲ ಹೇಳೂಣಂತ ಸುಮ್ಮನಾದೆ."

ಬಿಳೂರು ಬಂತು. ಇಳಿದೆವು.

ಮಸೂತಿಗೆ ಹೋಗುವ ಮೊದಲು ಗೋರಿಯ ಕಡೆ ನಡೆದ. ಮೊಣಕಾಲು ಹಿಡಿದುಕೊಂಡು, ನಿಂತು ನಿಂತು ನಡೆಯುತ್ತಿದ್ದ. ಅಮೋಗಸಿದ್ದ ನಮ್ಮನ್ನು ಹಾದಿಯಲ್ಲೇ ಕಂಡು ಕೋಲೂರಿ ಜೊತೆಗೆ ಬಂದ. ಅವನಿಗೂ ಈಗ ಎಂಬತ್ತರ ಮೇಲೆ. "ಬಾ ಅಳಿಯಾ, ಬಾ. ಹೊತ್ತ ಐತಿ ಇನ್ನ," ಎಂದ.

ಕಾಸೀಂಸಾಬ ಪೊಟ್ಟಣ ಬಿಚ್ಚಿದ. ಅದೇ ಕಂದು ಶಾಲು. ಆವತ್ತಿನಿಂದ ಮಡಿಕೆ ಬಿಚ್ಚಿರಲಿಲ್ಲ, ನುಸಿಗೆ ಇಡುವ ಡಾಂಬರಗುಳಿಗೆಯ ವಾಸನೆ ಬರುತ್ತಿತ್ತು. ಗೋರಿಯ ಮೇಲೆ ಹೊದಿಸಿದ. ಶಮಶಾದ ಬಗ್ಗಿ ಒಂದು ಮೂಲೆ ಸರಿಮಾಡಿದಳು.

ಅಮೋಗಸಿದ್ದ ಜರಿಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ. "ಭಾಳ ಚಲೋ ಐತಿ. ಸ್ಪೇನದ್ದೇನ?"

ಕಾಸೀಂಸಾಬ ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಲಿಲ್ಲ. ಗೋರಿಯ ಕಡೆ ನೋಡಿಯೇ ಹೇಳಿದ. "ಅಲ್ಲ ಮಾವಾ. ಜತ್ತದ್ದು. ನಾ ಎಲ್ಲಿಗೂ ಹೋಗಿದ್ದಿಲ್ಲ. ಆವತ್ತ ಜತ್ತದಾಗ ಇದ್ನಿ."

ಅಮೋಗಸಿದ್ದ ಶಾಲಿನ ಅಂಚು ಬಿಟ್ಟ. ಬಸ್ಸು ಬರುವ ಹಾದಿಯ ಕಡೆ ಒಮ್ಮೆ ನೋಡಿದ. ಸಿಟ್ಟು ಮಾಡಲಿಲ್ಲ. ತಿಳಿಯದ ಲೆಕ್ಕವೊಂದನ್ನು ಬಿಡಿಸುವವನ ಹಾಗೆ ಹುಬ್ಬು ಗಂಟಿಕ್ಕಿ, ಮೆಲ್ಲಗೆ ಅಂದ:

"ಹಂಗಾರ ಬರಬಹುದಿತ್ತಲ್ಲಪಾ."